ದೂರಪ್ಪನ ಎಳೆಹಲಗೆ

ಭಾನುವಾರ ಬೆಳಿಗ್ಗೆ ದೂರಪ್ಪ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ನಿಂತಿರುವಾಗಲೇ ಆ ದಿನದ ಮೊದಲ ದೂರು ಬಂತು. ಕರೆಗಂಟೆಯನ್ನು ಒಂದು ಸಲ ಒತ್ತಿದರೆ ಮರ್ಯಾದೆ ಸಾಲದೆಂಬಂತೆ ಒತ್ತಿ ಹಿಡಿದವರು ಮೇಲಿನ ಮನೆಯ ನಿವೃತ್ತ ಮೇಷ್ಟ್ರು.

"ಗೇಟು ನಿನ್ನೆ ಸಾಯಂಕಾಲ ಮತ್ತೆ ತಾನಾಗೇ ತೆಗೆದುಕೊಳ್ತು ಕಣ್ರೀ. ಕಣ್ಣಾರೆ ನೋಡಿದೆ. ಹತ್ರ ಒಂದು ನರಪಿಳ್ಳೆ ಇರಲಿಲ್ಲ."

ದೂರಪ್ಪ ನೊರೆ ನುಂಗದಂತೆ ಜಾಗ್ರತೆಯಾಗಿ ತಲೆಯಾಡಿಸಿದ. "ಗಮನಕ್ಕೆ ಬಂದಿದೆ, ಮೇಷ್ಟ್ರೇ."

"ಗಮನಕ್ಕೆ ಬಂದು ಎರಡು ತಿಂಗಳಾಯ್ತು. ರಿಪೇರಿಗೆ ಯಾವಾಗ ಬರತ್ತೆ?"

ದೂರಪ್ಪ ಅವನ ನಿಜವಾದ ಹೆಸರಲ್ಲ. ಅವನು ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಕೂರುವವನು. ನಲ್ಲಿಯಲ್ಲಿ ನೀರು ಬರದಿದ್ದರೂ ಜನ ಅವನ ಹತ್ತಿರ ಬರುತ್ತಿದ್ದರು, ಕೆಂಪಗೆ ಬಂದರೂ ಬರುತ್ತಿದ್ದರು, ಪಕ್ಕದ ಮನೆಗೆ ತಮಗಿಂತ ಜೋರಾಗಿ ಬಂದರೂ ಬರುತ್ತಿದ್ದರು. ಅವನ ಕೈಯಲ್ಲಿ ಒಂದು ಸ್ಪ್ಯಾನರ್ ಕೂಡ ಇರಲಿಲ್ಲ. ಇದ್ದದ್ದು ಎರಡು ಕಿವಿ ಮತ್ತು "ಗಮನಕ್ಕೆ ಬಂದಿದೆ" ಎಂಬ ಒಂದು ಮಾತು. ಸಹೋದ್ಯೋಗಿಗಳು ತಮಾಷೆಗೆ ಇಟ್ಟ ಹೆಸರು ಹೇಗೋ ಮನೆಯವರೆಗೂ ಬಂದು, ಕಟ್ಟಡದವರೆಲ್ಲ ಅದನ್ನೇ ಗಟ್ಟಿ ಮಾಡಿಬಿಟ್ಟಿದ್ದರು.

ಆ ಕಟ್ಟಡದಲ್ಲಿ ಮೊದಲು ಒಬ್ಬ ಕಾವಲುಗಾರನಿದ್ದ. ಅವನು ನಿದ್ದೆ ಮಾಡುತ್ತಾನೆಂದು ಅವನನ್ನು ಕಳಿಸಿ ವಿದ್ಯುತ್ ಗೇಟು ಹಾಕಿಸಿದರು, ಹೋದ ವರ್ಷ ಅದನ್ನೂ ಬದಲಾಯಿಸಿದರು. ಪ್ರತಿಯೊಬ್ಬರ ಕೀ ಗೊಂಚಲಿನಲ್ಲೂ ಒಂದೊಂದು ಗುಂಡಿ. ಒಮ್ಮೆ ಒತ್ತಿದರೆ ಗೇಟು ತೆರೆಯುತ್ತದೆ, ಇನ್ನೊಮ್ಮೆ ಒತ್ತಿದರೆ ಮುಚ್ಚುತ್ತದೆ. ಈಗೆರಡು ತಿಂಗಳಿಂದ ಅದಕ್ಕೆ ಏನಾಯಿತೋ, ಯಾರೂ ಒತ್ತದೆಯೂ ತೆರೆಯುತ್ತಿತ್ತು, ಅರ್ಧ ಒಳಗೆ ಬಂದ ಕಾರಿನ ಮೇಲೆ ಮುಚ್ಚಿಕೊಳ್ಳುತ್ತಿತ್ತು. ರಿಪೇರಿಯವನು ಬಂದು ನೋಡಿ, ಗೇಟಿಗೆ ಏನೂ ಆಗಿಲ್ಲ, ನಿಮಗೇ ಏನೋ ಆಗಿದೆ ಎಂಬ ಮುಖ ಮಾಡಿ ಹೋದ. ಆಗ ಕಟ್ಟಡದ ಸಮಿತಿ ಸಭೆ ಸೇರಿತು. "ದೂರು ಕೇಳೋದು ಇವರ ಕಸುಬೇ ಅಲ್ವಾ" ಎಂದರು ಸೆಕ್ರೆಟರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೀಗೆ ದೂರಪ್ಪ ಗೇಟಿನ ಉಸ್ತುವಾರಿಯಾದ. ಅಧಿಕಾರದ ಗುರುತಿಗೆ ಒಂದು ಸೀಟಿಯನ್ನೂ ಕೊಟ್ಟರು.

ಅಂದಿನಿಂದ ಅವನಿಗೆ ಆಫೀಸು ಮುಗಿದರೂ ಆಫೀಸು ಮುಗಿಯುತ್ತಿರಲಿಲ್ಲ. ದೂರಿನವರು ಬಾಗಿಲಿಗೆ ಬರುವ ಮುಂಚೆಯೇ ಅವನು ಚಹಾ ಕುಡಿದು ನೆಲಮಾಳಿಗೆಗೆ ಇಳಿದುಬಿಡುತ್ತಿದ್ದ. ಅಲ್ಲಿ ಅವನ ಎಳೆಹಲಗೆ ತಯಾರಾಗುತ್ತಿತ್ತು.

ಎಳೆಹಲಗೆಯ ಹಿಂದೆ ಒಂದು ಕತೆಯಿದೆ. ಹೋದ ವರ್ಷ ರಜೆಯಲ್ಲಿ ಹೆಂಡತಿಯ ತಮ್ಮ ಇವರಿಬ್ಬರನ್ನೂ ತನ್ನ ಮೋಟಾರು ದೋಣಿಯಲ್ಲಿ ಕರೆದುಕೊಂಡು ಹೋಗಿದ್ದ. ಅವನ ಹತ್ತಿರ ಒಂದು ವಿಚಿತ್ರ ಹಲಗೆಯಿತ್ತು. ಕೆಳಗೆ ತೊಡೆಮಟ್ಟದ ಒಂದು ಕಂಬ, ಕಂಬದ ತುದಿಯಲ್ಲಿ ವಿಮಾನದ್ದರಂಥ ಪುಟ್ಟ ರೆಕ್ಕೆ. ಹಲಗೆಯ ಮೇಲೆ ನಿಂತು ಹಗ್ಗ ಹಿಡಿದರೆ ದೋಣಿ ಎಳೆಯುತ್ತದೆ. ವೇಗ ಬಂದ ಕೂಡಲೇ ರೆಕ್ಕೆ ನೀರೊಳಗೇ ಹಾರತೊಡಗಿ, ಹಲಗೆಯನ್ನೂ ಮೇಲಿರುವ ಮನುಷ್ಯನನ್ನೂ ನೀರಿನಿಂದ ಮೇಲಕ್ಕೆತ್ತುತ್ತದೆ. ಭಾವಮೈದನ ಬಲವಂತಕ್ಕೆ ದೂರಪ್ಪ ಹತ್ತಿದ, ಬಿದ್ದ, ನೀರು ಕುಡಿದ, ಮತ್ತೆ ಹತ್ತಿದ. ಆಮೇಲೆ ಒಂದು ಸಲ ಹಲಗೆ ನೀರನ್ನು ಬಿಟ್ಟಿತು. ಅಷ್ಟು ಹೊತ್ತು ಪಟಪಟನೆ ಬಡಿಯುತ್ತಿದ್ದ ನೀರು ಥಟ್ಟನೆ ಸುಮ್ಮನಾಯಿತು. ದೋಣಿಯ ಸದ್ದು ಎಲ್ಲೋ ದೂರ ಉಳಿಯಿತು. ಕಿವಿಯಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಯಾರೂ ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ತನಗೆ ಬೇಕಾಗಿದ್ದುದು ಇದೇ ಎಂದು ಅವನಿಗೆ ಆಗ ತಿಳಿದು, ಅಳು ಬಂದಂತಾಯಿತು.

ದೋಣಿಗೆ ಹತ್ತಿದವನು "ಇನ್ನೊಂದೇ ಸಲ" ಎಂದ. ಅದಾದ ಮೇಲೆ "ಇದೇ ಕೊನೆ" ಎಂದ. ಅಷ್ಟರಲ್ಲಿ ದೋಣಿಯ ಪೆಟ್ರೋಲು ಮುಗಿಯಿತು. ತೇಲುವ ಅಂಗಿ ತೊಟ್ಟು ಮೂಲೆಯಲ್ಲಿ ಕೂತಿದ್ದ ಹೆಂಡತಿ ಅದರ ಗುಂಡಿಗಳನ್ನು ಬಿಚ್ಚಿ, ಮಡಚಿ, ತೊಡೆಯ ಮೇಲಿಟ್ಟುಕೊಂಡಳು.

ಊರಿಗೆ ಬಂದವನೇ ಅಂಥದೇ ಒಂದು ಹಳೆಯ ಹಾರುಹಲಗೆ ಕೊಂಡ. ಅವರ ಕಟ್ಟಡದ ಬೆನ್ನಿಗೇ ದೊಡ್ಡ ಕೆರೆಯಿತ್ತು. ಆದರೆ ಎಳೆಯುವವರು ಯಾರು? ಭಾವಮೈದನನ್ನು ಕರೆದರೆ ದೋಣಿ ತರುತ್ತಾನೆ, ದೋಣಿಯ ಜೊತೆ ತನ್ನ ಹೊಸ ಹೊಸ ವ್ಯಾಪಾರದ ಯೋಜನೆಗಳನ್ನೂ ತರುತ್ತಾನೆ. ಒಂದು ಗಳಿಗೆಯ ಮೌನಕ್ಕೆ ಒಂದು ಸಂಜೆಯ ಭಾಷಣ ಕೇಳಬೇಕು. ಯಾರ ಹಂಗೂ ಇಲ್ಲದೆ ಎಳೆಸಿಕೊಳ್ಳಬೇಕಾದರೆ ಎಳೆಯುವ ಯಂತ್ರವನ್ನು ತಾನೇ ಮಾಡಬೇಕು ಎಂದು ದೂರಪ್ಪ ನಿಶ್ಚಯಿಸಿದ.

ಎಳೆಯುವುದಕ್ಕೆ ತುದಿ ಮುರಿದ ಇನ್ನೊಂದು ಅಗಲದ ಹಲಗೆ ಸಿಕ್ಕಿತು. ಅದರಡಿಗೆ ಚಿಕ್ಕ ದೋಣಿಯ ವಿದ್ಯುತ್ ಮೋಟರ್, ಮೋಟರಿನ ರೆಕ್ಕೆಗೆ ಯಾರ ಕಾಲೂ ಸಿಗದಿರಲೆಂದು ಟೇಬಲ್ ಫ್ಯಾನಿನ ಜಾಲರಿ. ಮೇಲೆ ಹಳೆಯ ವಿದ್ಯುತ್ ಸೈಕಲ್ಲಿನ ಬ್ಯಾಟರಿ. ಅದು ನೆನೆಯದಂತೆ ಅಡುಗೆಮನೆಯ ಹಿಟ್ಟಿನ ಡಬ್ಬಿಯನ್ನು ಹೇಳದೆ ಕೇಳದೆ ತಂದ. ದೂರದಿಂದ ಮೋಟರನ್ನು ನಡೆಸಿ ನಿಲ್ಲಿಸಲು ಬೇಕಾದ ಪುಟ್ಟ ಪೆಟ್ಟಿಗೆ ಮತ್ತು ಗುಂಡಿ ನೆಲಮಾಳಿಗೆಯ ಹಳೇ ಸಾಮಾನಿನ ರಾಶಿಯಲ್ಲೇ ಸಿಕ್ಕವು. ಯಾವ ಕಾಲದ್ದೋ ಏನೋ, ಬಣ್ಣ ಹೋಗಿತ್ತು, ಆದರೆ ಒತ್ತಿದರೆ ಪೆಟ್ಟಿಗೆ ಟಕ್ ಎನ್ನುತ್ತಿತ್ತು. ದೂರಪ್ಪ ಆ ಟಕ್ ಶಬ್ದಕ್ಕೆ ಮನಸೋತು ದಿನಾ ಸಂಜೆ ಒತ್ತಿ ಒತ್ತಿ ನೋಡುತ್ತಿದ್ದ. ಒಮ್ಮೊಮ್ಮೆ ಮೋಟರ್ ತಾನಾಗಿಯೇ ತಿರುಗುತ್ತಿತ್ತು. ಎಲ್ಲೋ ವೈರು ಸಡಿಲವಾಗಿದೆ ಎಂದು ಬಿಗಿ ಮಾಡುತ್ತಿದ್ದ.

ಕೊನೆಗೆ ಅದು ಸೆಕ್ರೆಟರಿಯ ಕಣ್ಣಿಗೆ ಬಿತ್ತು. "ನೆಲಮಾಳಿಗೆ ಗುಜರಿ ಅಂಗಡಿಯಲ್ಲ. ಭಾನುವಾರ ಸಂಜೆ ನಾನು ಕೆರೆ ಏರಿ ಮೇಲೆ ವಾಕಿಂಗ್ ಬರ್ತೀನಿ. ಅಷ್ಟರಲ್ಲಿ ಇದು ನೀರಿನ ಮೇಲೆ ಮನುಷ್ಯನ್ನ ಎಳೀತಿದ್ರೆ ಸರಿ. ಇಲ್ಲದಿದ್ರೆ ಸೋಮವಾರ ಬೆಳಿಗ್ಗೆ ಗುಜರಿಯವನನ್ನ ಕರೆಸ್ತೀನಿ" ಎಂದು ಅಪ್ಪಣೆ ಕೊಡಿಸಿದ್ದರು.

ಆ ಭಾನುವಾರ ಇವತ್ತು.

ಯಾರಿಗೂ ತಿಳಿಯದಂತೆ ನೀರಿಗಿಳಿಸಬೇಕೆಂದು ದೂರಪ್ಪ ಲೆಕ್ಕ ಹಾಕಿದ್ದ. ಆದರೆ ಒಬ್ಬನೇ ಹೊರಲಾರದ ಯಂತ್ರವನ್ನು ಯಾರಿಗೂ ತಿಳಿಯದಂತೆ ಹೊರುವುದು ಹೇಗೆ? ಮೇಷ್ಟ್ರು ಒಂದು ತುದಿ ಹಿಡಿದರು. ಎದುರು ಮನೆಯ ಹಲ್ಲಿನ ಡಾಕ್ಟರಮ್ಮ ಮುಂದೆ ನಡೆದು ದಾರಿ ಬಿಡಿಸಿದರು. ಗೇಟು ದಾಟಿ, ಕಟ್ಟಡವನ್ನು ಬಳಸಿ, ಕೆರೆಯ ದಡ ಮುಟ್ಟುವ ಹೊತ್ತಿಗೆ ಅರ್ಧ ಕಟ್ಟಡ ಹಿಂದೆ ಬಂದಿತ್ತು.

"ಮುಳುಗಿದರೆ ಯಾರಿಗೆ ಹೇಳಬೇಕು?" ಎಂದು ಒಬ್ಬರು ಕೇಳಿದರು.

"ಅವರಿಗೇ ಹೇಳಬೇಕು. ದೂರು ತಗೊಳ್ಳೋದು ಅವರೇ ಅಲ್ವಾ" ಎಂದರು ಡಾಕ್ಟರಮ್ಮ. ದಡವೆಲ್ಲ ನಕ್ಕಿತು.

ದೂರಪ್ಪ ನಗಲಿಲ್ಲ. ಸೊಂಟದಾಳದ ನೀರಿಗಿಳಿದು, ಗುಂಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಣಿಕಟ್ಟಿಗೆ ಕಟ್ಟಿಕೊಂಡು, ಹಗ್ಗ ಹಿಡಿದು ಹಾರುಹಲಗೆಯ ಮೇಲೆ ಬೋರಲು ಮಲಗಿದ. ಗುಂಡಿ ಒತ್ತಿದ. ಎಳೆಹಲಗೆ ಗುರ್ ಎಂದು ಹೊರಟಿತು, ಹಗ್ಗ ಬಿಗಿಯಿತು. ದಡದಲ್ಲಿ "ಓ" ಎಂಬ ಕೂಗೆದ್ದಿತು. ಅವನು ಮಂಡಿಯೂರಿದ, ಒಂದು ಕಾಲು ಎತ್ತಿಟ್ಟ, ಇನ್ನೊಂದನ್ನೂ ಎತ್ತಿಟ್ಟ. ಹಲಗೆ ಅದುರುತ್ತ ಇನ್ನೇನು ನೀರು ಬಿಡಬೇಕು, ಆಗ ಮೋಟರ್ ನಿಂತುಹೋಯಿತು. ದೂರಪ್ಪ ನಿಂತ ಭಂಗಿಯಲ್ಲೇ ನೀರಿನೊಳಗೆ ಇಳಿದ.

ಮೇಲೆದ್ದು ಬಂದಾಗ ಸಲಹೆಗಳು ಕಾದಿದ್ದವು. ತೂಕ ಹಿಂದಾಯಿತು ಎಂದರು ಒಬ್ಬರು, ಮುಂದಾಯಿತು ಎಂದರು ಇನ್ನೊಬ್ಬರು. ಮೇಷ್ಟ್ರು ಆಳವಾಗಿ ಯೋಚಿಸುತ್ತಿದ್ದರು. ಯೋಚಿಸುವಾಗ ಕೀ ಗೊಂಚಲನ್ನು ಅಂಗೈಯಲ್ಲಿ ಹಿಸುಕುವುದು ಅವರ ಅಭ್ಯಾಸ.

"ಹಗ್ಗ ಸೊಂಟಕ್ಕೆ ಸುತ್ತಿಕೊಳ್ಳಿ. ಕೈಗೆ ಅಷ್ಟು ಶಕ್ತಿ ಇರಲ್ಲ" ಎಂದರು.

ದೂರಪ್ಪ ಸುತ್ತಿಕೊಂಡ. ಗಂಟು ಸರಿಯಾಗಿದೆಯೇ ಎಂದು ಯಂತ್ರಕ್ಕೆ ಬೆನ್ನು ಹಾಕಿ ನೋಡಿಕೊಳ್ಳುತ್ತಿರುವಾಗ ಯಂತ್ರ ಹೇಳದೆ ಕೇಳದೆ ಹೊರಟಿತು. ಅವನು ಹಿಂದುಮುಂದಾಗಿ, ಕಾಲು ಮೇಲೆ ಮಾಡಿಕೊಂಡು, ಕೆರೆಯ ಮಧ್ಯಕ್ಕೆ ಹೊರಟ. ಗುಂಡಿಗೆ ಕೈ ಹೋಗುವಷ್ಟರಲ್ಲಿ ಅರ್ಧ ಹೊಟ್ಟೆ ನೀರು ತುಂಬಿತ್ತು.

"ನೋಡಿದಿರಾ, ಸೊಂಟಕ್ಕೆ ಕಟ್ಟಿದ್ಮೇಲೆ ಎಷ್ಟು ಚೆನ್ನಾಗಿ ಎಳೀತು!" ಎಂದರು ಮೇಷ್ಟ್ರು ಪಕ್ಕದವರಿಗೆ.

ಡಾಕ್ಟರಮ್ಮನಿಗೆ ಕ್ಲಿನಿಕ್ಕಿನಿಂದ ಫೋನು ಬಂತು. ಯಾರಿಗೋ ಹಲ್ಲುನೋವು. "ಹಾರಿದ್ರೆ ಫೋಟೋ ತೆಗೀರಿ" ಎಂದು ಹೇಳಿ ಹೋದರು. ಅವರು ಹೋದ ಸ್ವಲ್ಪ ಹೊತ್ತಿಗೆ, ದೂರಪ್ಪ ದಡದಲ್ಲಿ ಕೂತು ಕಿವಿಯ ನೀರು ತೆಗೆಯುತ್ತಿರುವಾಗ, ಎಳೆಹಲಗೆ ಒಂಟಿಯಾಗಿ ಹೊರಟುಬಿಟ್ಟಿತು. ಗುಂಡಿ ಒತ್ತಿದ, ನಿಂತಿತು. ಉಸಿರು ಬಿಡುವಷ್ಟರಲ್ಲಿ ಮತ್ತೆ ಹೊರಟಿತು. ಮತ್ತೆ ಒತ್ತಿದ. ನಿಂತು, ಯೋಚಿಸಿ, ಇನ್ನೊಮ್ಮೆ ಹೊರಟು, ಆಚೆ ದಡದ ಜೊಂಡಿನೊಳಗೆ ಮೂತಿ ತೂರಿಸಿತು. ಎರಡು ಬಾತುಕೋಳಿಗಳು ಬೈಯುತ್ತ ಹೊರಬಂದವು.

ಅದನ್ನು ಈಜಿ ಹೋಗಿ ತರುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಬ್ಯಾಟರಿಯ ಮೇಲಿದ್ದ ದೀಪಗಳಲ್ಲಿ ಒಂದು ಮಾತ್ರ ಉರಿಯುತ್ತಿತ್ತು. ದಡದ ಜನ ಅರ್ಧ ಕರಗಿದ್ದರು. ದೂರಪ್ಪನಿಗೆ ಯಂತ್ರದ ಮೇಲಲ್ಲ, ತನ್ನ ಮೇಲೆಯೇ ಬೇಸರವಾಯಿತು. ಬೇರೆಯವರ ಕೆಟ್ಟುಹೋದ ವಸ್ತುಗಳ ಬಗ್ಗೆ ಜೀವಮಾನವೆಲ್ಲ ಕೇಳಿದವನು ತನ್ನದೊಂದನ್ನು ಸರಿಯಾಗಿ ನಡೆಸಲಾರದೆ ಹೋದನಲ್ಲ ಎನಿಸಿತು. ಸೋಮವಾರ ಗುಜರಿಯವನು ಬರುತ್ತಾನೆ. ಮಂಗಳವಾರದಿಂದ ನೆಲಮಾಳಿಗೆಯೂ ಇಲ್ಲ, ಕೆರೆಯೂ ಇಲ್ಲ. ಕಿಟಕಿ ಮತ್ತು ಕರೆಗಂಟೆ, ಅಷ್ಟೇ ಉಳಿಯುತ್ತವೆ.

ಅಷ್ಟರಲ್ಲಿ ಹೆಂಡತಿ ತೋಳಿನ ಮೇಲೆ ದೊಡ್ಡ ಟವೆಲು ಹಾಕಿಕೊಂಡು ಬಂದಳು.

"ರೀ, ಸ್ವಲ್ಪ ಈ ಕಡೆ ಬನ್ನಿ."

ಮೇಷ್ಟ್ರಿಗೆ ಕೇಳಿಸದಷ್ಟು ದೂರ ಕರೆದುಕೊಂಡು ಹೋದಳು. "ಆ ಗುಂಡಿ ಎಲ್ಲಿ ಸಿಕ್ತು ನಿಮಗೆ?"

"ನೆಲಮಾಳಿಗೆ ಹಳೇ ಸಾಮಾನಿನಲ್ಲಿ. ಯಾಕೆ?"

"ಅದು ನಮ್ಮ ಗೇಟಿನ ಗುಂಡಿ. ಬಣ್ಣ ಹೋಗಿದೆ ಅಷ್ಟೇ. ಪೆಟ್ಟಿಗೆ ಮೊದಲಿನ ಗೇಟಿನದ್ದು. ಹೋದ ವರ್ಷ ಗೇಟು ಬದಲಾಯಿಸಿದಾಗ, ಎಲ್ಲರಿಗೂ ಹೊಸ ಗುಂಡಿ ಯಾಕೆ ದಂಡ, ಹಳೇದಕ್ಕೇ ಹೊಂದಿಸಿ ಅಂದಿದ್ರಲ್ಲ ಸೆಕ್ರೆಟರಿ? ಅದಕ್ಕೇ ಯಾರು ಯಾವ ಗುಂಡಿ ಒತ್ತಿದ್ರೂ ಗೇಟೂ ಕೇಳತ್ತೆ, ನಿಮ್ಮ ಮೋಟರೂ ಕೇಳತ್ತೆ."

ದೂರಪ್ಪ ಗುಂಡಿಯನ್ನು ತಿರುಗಿಸಿ ನೋಡಿದ. ಅವಳು ಸಮಾಧಾನವಾಗಿ ಮುಂದುವರಿಸಿದಳು. "ಅಡುಗೆಮನೆ ಕಿಟಕಿಯಿಂದ ಗೇಟು ಕಾಣತ್ತೆ, ವರಾಂಡದಿಂದ ಕೆರೆ ಕಾಣತ್ತೆ. ಬೆಳಿಗ್ಗೆಯಿಂದ ನಾನು ಅಲ್ಲಿಂದಿಲ್ಲಿಗೆ ಓಡಾಡ್ತಾನೇ ಇದ್ದೀನಿ. ನೀವು ಒತ್ತಿದಾಗ ಗೇಟು ತೆಗೀತು. ಕೆಳಗಿನ ಮನೆಯವರು ಕಾರು ತೆಗೆದಾಗ ನೀವು ಮುಳುಗಿದ್ರಿ. ಡಾಕ್ಟರಮ್ಮ ಕ್ಲಿನಿಕ್ಕಿಗೆ ಹೊರಟಾಗ ನಿಮ್ಮ ಯಂತ್ರ ಬಾತುಕೋಳಿ ನೋಡೋಕೆ ಹೋಯ್ತು. ಮಧ್ಯೆ ಮಧ್ಯೆ ಮೇಷ್ಟ್ರು ಅಲ್ಲಿ ನಿಂತು ಗೊಂಚಲು ಹಿಸುಕ್ತಾರೆ."

ದೂರಪ್ಪನ ಬೆರಳು ಅಪ್ರಯತ್ನವಾಗಿ ಮಣಿಕಟ್ಟಿನ ಗುಂಡಿಯ ಕಡೆ ಹೋಯಿತು.

"ಒತ್ತಬೇಡಿ! ಈಗ ಯಾರದಾದ್ರೂ ಕಾರಿನ ಮೂತಿ ಗೇಟಲ್ಲಿರತ್ತೆ."

ಅವನು ಕೈ ಕೆಳಗಿಳಿಸಿ ದಡದ ಮೇಲೆ ಕುಸಿದು ಕೂತ. ಎರಡು ತಿಂಗಳು ಯಾವ ಕಾಟ ತಾಳಲಾರದೆ ನೆಲಮಾಳಿಗೆ ಸೇರಿದ್ದನೋ, ಆ ಕಾಟವನ್ನು ನೆಲಮಾಳಿಗೆಯಲ್ಲಿ ಕೂತು ತಾನೇ ಟಕ್ ಟಕ್ ಎಂದು ತಯಾರು ಮಾಡಿ ಮೇಲಕ್ಕೆ ಕಳಿಸುತ್ತಿದ್ದ. ದೂರು ಹೆಚ್ಚಾದಷ್ಟೂ ಅವನು ಹೆಚ್ಚು ಹೊತ್ತು ಕೆಳಗೆ ಇರುತ್ತಿದ್ದ. ಅವನು ಕೆಳಗಿದ್ದಷ್ಟೂ ದೂರು ಹೆಚ್ಚುತ್ತಿತ್ತು.

"ಪಾಪ, ಜನ ಬಂದು ಬಾಗಿಲು ಬಡಿದು ಬಡಿದು ವಾಪಸ್ಸು ಹೋಗಿರಬೇಕು" ಎಂದ.

"ಯಾಕೆ ವಾಪಸ್ಸು ಹೋಗ್ತಾರೆ? ನಾನಿರಲಿಲ್ವಾ?"

ದೂರಪ್ಪ ತಲೆಯೆತ್ತಿ ಅವಳನ್ನು ನೋಡಿದ.

"ದಿನಾ ಸಂಜೆ ಬಾಗಿಲಿಗೆ ಬಂದವರ ಹತ್ರ ನಿಂತು ಕೇಳಿಸಿಕೊಂಡವಳು ನಾನು. ಸೀಟಿ ನಿಮಗೆ ಕೊಟ್ರು, ಕಿವಿ ನಂದು ಹೋಯ್ತು" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಸಿಟ್ಟನ್ನು ಕೇಳಿಸಿಕೊಳ್ಳುವುದು ಅವನಿಗೆ ಗೊತ್ತಿತ್ತು. ಇದಕ್ಕೆ "ಗಮನಕ್ಕೆ ಬಂದಿದೆ" ಎನ್ನಲು ನಾಲಗೆ ಏಳಲಿಲ್ಲ. ನಿಜವಾಗಿ ಗಮನಕ್ಕೆ ಬಂದಿರಲೇ ಇಲ್ಲ.

"ನಾಳೆ ಬೇರೆ ಪೆಟ್ಟಿಗೆ ತಂದು ಹಾಕ್ತೀನಿ" ಎಂದ ಕೊನೆಗೆ.

"ನಾಳೆ ಅಂಗಡಿ ತೆಗೆಯೋ ಹೊತ್ತಿಗೆ ಯಂತ್ರ ಗುಜರಿ ಗಾಡಿಯಲ್ಲಿರತ್ತೆ. ಇನ್ನೇನು ಸೆಕ್ರೆಟರಿ ವಾಕಿಂಗ್ ಬರ್ತಾರೆ. ಅವರು ಏರಿ ಮೇಲಿರುವಷ್ಟು ಹೊತ್ತು ಯಾರೂ ಗುಂಡಿ ಒತ್ತದ ಹಾಗೆ ಒಬ್ಬರು ಗೇಟಲ್ಲಿ ನಿಂತು ತಡೀಬೇಕು."

"ಹಾಗಾದ್ರೆ ನೀನು ಗೇಟಲ್ಲಿ ನಿಲ್ಲು. ನಾನು ಇಲ್ಲಿ..."

"ನಾನು ನಿಂತರೆ ಯಾರು ಕೇಳ್ತಾರೆ? ಇನ್ನೆರಡು ದೂರು ನನ್ನ ಕೈಲಿಟ್ಟು, ಗುಂಡಿ ಒತ್ಕೊಂಡು ಹೋಗ್ತಾರೆ. ಉಸ್ತುವಾರಿ ನೀವು. ಸೀಟಿ ನಿಮ್ಮದು."

"ಹಲಗೆ ಮೇಲೆ ಯಾರು ನಿಲ್ತಾರೆ ಮತ್ತೆ?"

ಹೆಂಡತಿ ತೋಳಿನ ಮೇಲಿದ್ದ ಟವೆಲು ತೆಗೆದಳು. ಅದರಡಿಯಲ್ಲಿ ತೇಲುವ ಅಂಗಿ ಇತ್ತು. ಹೋದ ವರ್ಷದ ಅದೇ ಅಂಗಿ. ತಮ್ಮನಿಗೆ ಹಿಂದಿರುಗಿಸದೆ ಇಷ್ಟು ದಿನ ಎಲ್ಲಿಟ್ಟಿದ್ದಳೋ.

"ನಿನಗೆ ಬರತ್ತಾ?" ಎಂದ ದೂರಪ್ಪ.

"ನಿಮಗೆ ಬರತ್ತಾ?"

ದೂರಪ್ಪ ತಲೆ ಓರೆ ಮಾಡಿ ಕಿವಿಯಿಂದ ಇನ್ನಷ್ಟು ನೀರು ತೆಗೆದ. "ಈಜು ಬರತ್ತೆ. ಬಿದ್ರೆ ಏಳ್ತೀನಿ" ಎಂದು ಅವಳು ಅಂಗಿಯ ಗುಂಡಿ ಹಾಕಿಕೊಂಡಳು. ಆಮೇಲೆ ನೀರಿನ ಕಡೆ ನೋಡುತ್ತ, "ಆವತ್ತು ನನ್ನ ಸರದಿ ಬರಲೇ ಇಲ್ಲ" ಎಂದಳು.

ದೂರಪ್ಪ ಮಣಿಕಟ್ಟಿನಿಂದ ಗುಂಡಿಯನ್ನು ಬಿಚ್ಚಿ ಅವಳ ಮಣಿಕಟ್ಟಿಗೆ ಕಟ್ಟಿದ. ಬಿದ್ದ ಕೂಡಲೇ ಒತ್ತಬೇಕು, ಹಗ್ಗ ಸೊಂಟಕ್ಕೆ ಸುತ್ತಿಕೊಳ್ಳಬಾರದು ಎಂದು ಎರಡೆರಡು ಸಲ ಹೇಳಿದ. ದಡದಲ್ಲಿದ್ದವರಿಂದ ಗೇಟಿನ ತಪಾಸಣೆಯ ನೆಪದಲ್ಲಿ ಕೀ ಗೊಂಚಲುಗಳನ್ನೆಲ್ಲ ಟವೆಲಿಗೆ ಹಾಕಿಸಿಕೊಂಡ. ಮೇಷ್ಟ್ರು ಮಾತ್ರ "ನಾನು ಯೋಚನೆ ಮಾಡೋದು ಹೇಗೆ?" ಎಂಬ ಮುಖದಲ್ಲಿ ಕೊಟ್ಟರು. ನೀರಿಗಿಳಿದ ಹೆಂಡತಿಯನ್ನು ತಿರುತಿರುಗಿ ನೋಡುತ್ತ ದೂರಪ್ಪ ಟವೆಲಿನ ಗಂಟು ಹೊತ್ತು ಗೇಟಿಗೆ ಓಡಿದ.

ಗೇಟಿನ ಹತ್ತಿರ ಭಾನುವಾರದ ಸಂಜೆ ಶುರುವಾಗಿತ್ತು. ಹೊರಗೆ ಹೋಗುವವರು ಒಳಗೆ, ಒಳಗೆ ಬರುವವರು ಹೊರಗೆ. ಕ್ಲಿನಿಕ್ಕಿನಿಂದ ಬಂದ ಡಾಕ್ಟರಮ್ಮ ಕಾರಿನಿಂದ ಕೈ ಹೊರಹಾಕಿ ಇನ್ನೇನು ಒತ್ತಬೇಕು, ದೂರಪ್ಪ ಒದ್ದೆ ಬಟ್ಟೆಯಲ್ಲೇ ಅಡ್ಡ ನಿಂತು ಸೀಟಿ ಊದಿದ. ಅಧಿಕಾರ ಬಂದ ಮೇಲೆ ಅದನ್ನು ಊದಿದ್ದು ಅದೇ ಮೊದಲು.

"ಯಾರೂ ಗುಂಡಿ ಒತ್ತಬಾರದು! ಗೇಟಿನ ತಪಾಸಣೆ ನಡೀತಿದೆ!"

ಜನ ನಿಂತರು. ನಿಂತ ಜನ ಸುಮ್ಮನಿರುವುದುಂಟೆ? ಗೇಟು ನಿಧಾನ, ಗೇಟಿನ ಸದ್ದು ಜಾಸ್ತಿ, ಗೇಟಿನ ಬಣ್ಣ ಸರಿಯಿಲ್ಲ, ಕಾವಲುಗಾರನೇ ವಾಸಿಯಾಗಿದ್ದ, ನಿದ್ದೆ ಮಾಡಿದರೂ ಕರೆದರೆ ಏಳುತ್ತಿದ್ದ. ದೂರಪ್ಪ ಎಲ್ಲರ ಮುಖ ನೋಡಿ ತಲೆಯಾಡಿಸುತ್ತಿದ್ದ. ಅವನ ಮನಸ್ಸೆಲ್ಲ ಕಟ್ಟಡದ ಹಿಂದಿತ್ತು. ಅಲ್ಲಿಂದ ಕೆರೆಯ ಒಂದು ಚೂರೂ ಕಾಣುತ್ತಿರಲಿಲ್ಲ.

ಆಗ ಗೇಟು ಗರಗರ ಎಂದು ತಾನಾಗಿ ತೆರೆಯತೊಡಗಿತು.

ಹೊರಟಳು, ಎಂದುಕೊಂಡ ದೂರಪ್ಪ. ಅರ್ಧ ತೆರೆದ ಗೇಟು ನಿಂತು ಮತ್ತೆ ಮುಚ್ಚಿಕೊಂಡಿತು. ಬಿದ್ದಳು.

"ನೋಡಿ, ನೋಡಿ, ಇದೇ ನಾವು ಹೇಳ್ತಿದ್ದದ್ದು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

"ತಪಾಸಣೆ. ನಾನ್ ನೋಡ್ಕೋತಿದ್ದೀನಿ" ಎಂದ. ಬಿದ್ದವಳು ಎದ್ದಳೋ ಇಲ್ಲವೋ ಎಂದು ಆ ಕಬ್ಬಿಣದ ಬಾಗಿಲನ್ನೇ ನೋಡುತ್ತ ನಿಂತ. ತುಂಬ ಹೊತ್ತಾದಂತೆ ಅನ್ನಿಸಿತು. ಗೇಟು ಮತ್ತೆ ತೆರೆಯಿತು. ಎದ್ದಿದ್ದಾಳೆ! ಮತ್ತೆ ಮುಚ್ಚಿತು. ಮತ್ತೆ ತೆರೆಯಿತು.

ಈ ಸಲ ಪೂರ್ತಿ ತೆರೆದು ಗೋಡೆಗೆ ತಾಗಿ ನಿಂತಿತು. ದೂರಪ್ಪ ಕಾದ. ಮುಚ್ಚಲಿಲ್ಲ. ಡಾಕ್ಟರಮ್ಮನ ಕಾರು ಒಳಗೆ ಬಂತು. ಹೊರಗೆ ಹೋಗುವವರು ಹೋದರು. ಮುಚ್ಚಲಿಲ್ಲ. ಸೈಕಲ್ಲುಗಳು ಹೋದವು, ಗೊಣಗುತ್ತಿದ್ದವರು ಗೊಣಗಲು ಕಾರಣ ಸಾಲದೆ ಒಬ್ಬೊಬ್ಬರೇ ಚದುರಿದರು. ಗೇಟು ತೆರೆದೇ ಇತ್ತು. ಅವನ ಸುತ್ತ ಯಾರೂ ಇರಲಿಲ್ಲ, ಯಾರೂ ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಕಟ್ಟಡದ ಹಿಂದೆ, ಸಂಜೆಯ ಬಿಸಿಲಲ್ಲಿ, ನೀರು ಸುಮ್ಮನಾಗಿದೆ ಎಂದು ಅವನಿಗೆ ಗೊತ್ತಿತ್ತು. ನಾನು ಹಾರಿದಾಗ ಇವಳು ದೋಣಿಯ ಮೂಲೆಯಲ್ಲಿ ಕೂತು ಹೀಗೇ ಕಾಯುತ್ತಿದ್ದಳಲ್ಲ ಎಂದು ನೆನಪಾಗಿ, ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ತುಂಬ ಹೊತ್ತು ಗೇಟು ಮುಚ್ಚಲಿಲ್ಲ. ಎಂಥ ಹಾರಾಟ, ಎಂದುಕೊಂಡ ದೂರಪ್ಪ ಹೆಮ್ಮೆಯಿಂದ.

ಅವಳು ರಸ್ತೆಯ ತಿರುವಿನಲ್ಲಿ ನಡೆದು ಬರುವುದು ಕಾಣಿಸಿದಾಗಲೂ ಗೇಟು ತೆರೆದೇ ಇತ್ತು. ಕೂದಲಿನಿಂದ ನೀರು ಸುರಿಯುತ್ತಿತ್ತು. ಹತ್ತಿರ ಬಂದು, ಮಣಿಕಟ್ಟಿನ ಗುಂಡಿ ಒತ್ತಿ, ಗೇಟನ್ನು ಮುಚ್ಚಿದಳು.

"ಬ್ಯಾಟರಿ ಪೂರ್ತಿ ಮುಗೀತು ರೀ. ಒಂದು ಸಲ ಹಾರಿ ನಿಲ್ಲಿಸಬೇಕು ಅಂತಿದ್ದೆ, ಉಳಿದದ್ದು ನಿಮಗಿರಲಿ ಅಂತ. ಆಮೇಲೆ ಇನ್ನೊಂದೇ ಸುತ್ತು ಅನ್ನಿಸ್ತು. ಮಧ್ಯದಲ್ಲೇ ನಿಂತುಹೋಯ್ತು, ಕೈಯಲ್ಲೇ ಹುಟ್ಟು ಹಾಕ್ಕೊಂಡು ಬಂದೆ."

"ಹೇಗಿತ್ತು?"

ಅವಳು ಒದ್ದೆ ಕೂದಲನ್ನು ಕಿವಿಯಿಂದ ಹಿಂದೆ ಸರಿಸಿ ಕೆರೆಯ ಕಡೆ ತಿರುಗಿ ನೋಡಿದಳು. ಅಷ್ಟರಿಂದಲೇ ಅವನಿಗೆ ಗೊತ್ತಾಯಿತು.

ಪರವಾಗಿಲ್ಲ, ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಾಳೆ ಬೇರೆ ಪೆಟ್ಟಿಗೆ. ಬ್ಯಾಟರಿ ತುಂಬಿಸಿದರಾಯಿತು. ಮುಂದಿನ ಭಾನುವಾರ ತನ್ನ ಸರದಿ. ಆಗ ಸೆಕ್ರೆಟರಿ ಏರಿಯ ಕಡೆಯಿಂದ ಕೈ ಬೀಸುತ್ತ ಬಂದರು. ಮುಖದಲ್ಲಿ ನಗು. ಹಿಂದೆ ಮೇಷ್ಟ್ರು.

"ಭಲೇ! ನಿಮ್ಮ ಮನೆಯವರು ಹಕ್ಕಿ ಹಾಗೆ ಹೋದ್ರು. ನೆಲಮಾಳಿಗೆ ಮೂಲೆ ನಿಮಗೇ ಇರಲಿ, ಯಾರೂ ಏನೂ ಅನ್ನಲ್ಲ. ಆದರೆ ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಈಗಷ್ಟೇ ಡಾಕ್ಟರಮ್ಮ ಫೋನಲ್ಲಿ ಹೇಳಿದ್ರು. ಮೊದಲು ಒಂದೆರಡು ಸಲ ತಂಟೆ ಮಾಡಿದ ಗೇಟು, ನೀವು ಬಂದು ನಿಂತು ಸೀಟಿ ಊದಿದ್ಮೇಲೆ ಇಷ್ಟು ಹೊತ್ತು ಅಲ್ಲಾಡಲಿಲ್ಲವಂತೆ!"

"ಅದು ಹಾಗಲ್ಲ..." ಎಂದ ದೂರಪ್ಪ.

"ಸಂಕೋಚ ಬೇಡ. ಎಷ್ಟೋ ಜನಕ್ಕೆ ಗೊತ್ತಿಲ್ಲ, ಕೆಲವರ ಕೈಗುಣ ಹಾಗಿರತ್ತೆ. ಇನ್ಮೇಲೆ ದಿನಾ ಸಂಜೆ ಆಫೀಸಿಂದ ಬಂದವರೇ ಇಲ್ಲಿ ನಿಂತುಬಿಡಿ. ಭಾನುವಾರ ಬೆಳಿಗ್ಗೆಯಿಂದ. ಒಂದು ಕುರ್ಚಿ ಹಾಕಿಸ್ತೀವಿ."

ದೂರಪ್ಪ ನಿಜ ಹೇಳಲು ಬಾಯಿ ತೆರೆದ. ಹೇಳಿದರೆ ಎರಡು ತಿಂಗಳ ಗೇಟಿನ ಕಾಟವೆಲ್ಲ ಅವನ ತಲೆಗೆ ಬರುತ್ತದೆ, ಎಳೆಹಲಗೆ ನಾಳೆ ಬೆಳಿಗ್ಗೆ ಗುಜರಿಗೆ ಹೋಗುತ್ತದೆ. ಹೇಳದೆ ಬೇರೆ ಪೆಟ್ಟಿಗೆ ತಂದು ಹಾಕಿದರೆ ಗೇಟು ಒಂದು ದಿನವೂ ತಂಟೆ ಮಾಡುವುದಿಲ್ಲ. ಅದು ತಂಟೆ ಮಾಡದಷ್ಟೂ ಇವರು ಅವನನ್ನು ಆ ಕುರ್ಚಿಯಿಂದ ಏಳಲು ಬಿಡುವುದಿಲ್ಲ. ಅವನು ಹೆಂಡತಿಯನ್ನು ನೋಡಿದ. ಒದ್ದೆ ಕೂದಲಿನಡಿ ಅವಳ ಮುಖ ಹೊಳೆಯುತ್ತಿತ್ತು, ವರ್ಷಗಳಿಂದ ಅವನು ಅಂಥ ಮುಖ ನೋಡಿರಲಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.

"ಬ್ಯಾಟರಿ ತುಂಬೋಕೆ ಇಟ್ಟು ಬರ್ತೀನಿ. ಭಾನುವಾರ ಹೇಗೂ ಹಲಗೆ ಖಾಲಿ ಇರತ್ತಲ್ಲ" ಎಂದು ಹೆಂಡತಿ ಹಾಡು ಗುನುಗುತ್ತ ಒಳಗೆ ಹೋದಳು.

ಸೆಕ್ರೆಟರಿ ಕುರ್ಚಿ ತರಿಸಲು ಹೋದರು. ಮೇಷ್ಟ್ರು ಮಾತ್ರ ನಿಂತಿದ್ದರು. ಟವೆಲಿನಿಂದ ತಮ್ಮ ಕೀ ಗೊಂಚಲು ಹುಡುಕಿಕೊಂಡು, ಅಂಗೈಯಲ್ಲಿ ಇಟ್ಟು, ನಿಧಾನವಾಗಿ ಹಿಸುಕತೊಡಗಿದರು. ಗೇಟು ತೆರೆಯಿತು, ಮುಚ್ಚಿತು.

"ನಿಮ್ಮ ಹತ್ರ ಒಂದು ವಿಷಯ ಹೇಳಬೇಕಿತ್ತು ಕಣ್ರೀ" ಎಂದರು.

"ಹೇಳಿ, ಮೇಷ್ಟ್ರೇ" ಎಂದ ದೂರಪ್ಪ.